ಹೆಸರು ಕೆತ್ತಿಸಲಾಗದ ಕಟ್ಟಡ

ಜಯನಗರದ ಯಾವ ಉದ್ಯಾನವನ್ನು ಹೊಕ್ಕರೂ, ಬನಶಂಕರಿಯ ಯಾವ ಸಮುದಾಯಭವನದ ಮೆಟ್ಟಿಲನ್ನೇರಿದರೂ, ಕಣ್ಣಿಗೆ ಮೊದಲು ಬೀಳುವುದು ಕರಿಯ ಶಿಲೆಯ ಮೇಲೆ ಹೊಂಬಣ್ಣದಲ್ಲಿ ಕೆತ್ತಿದ ಹೆಸರುಗಳ ಸಾಲು: ಶಂಕುಸ್ಥಾಪನೆ ನೆರವೇರಿಸಿದವರು, ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿಯಿಂದ ಸಮಾರಂಭವನ್ನು ಅಲಂಕರಿಸಿದವರು. ಇದನ್ನು ಪರಿಹಾಸಕ್ಕಾಗಿ ಹೇಳುತ್ತಿಲ್ಲ. ಐದು ವರ್ಷಕ್ಕೊಮ್ಮೆ ಜನರ ಮುಂದೆ ಕೈಮುಗಿದು ನಿಲ್ಲಬೇಕಾದ ಮನುಷ್ಯನು ತಾನು ಮಾಡಿದ ಕಾರ್ಯದ ಗುರುತನ್ನು ಕಲ್ಲಿನಲ್ಲಿ ಉಳಿಸಿಹೋಗಲು ಬಯಸಿದರೆ ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಆದರೆ ಸಾರ್ವಜನಿಕ ದ್ರವ್ಯದಿಂದ ನಡೆಯಬೇಕಾದ ಕಾರ್ಯಗಳಲ್ಲಿ ಒಂದು ಮಾತ್ರ ತನ್ನ ಸ್ವಭಾವದಿಂದಲೇ ಇಂಥ ಗುರುತನ್ನು ಸಹಿಸಲಾರದು. ಗಂಡನ ಹೊಡೆತಕ್ಕೋ ಅತ್ತೆಮನೆಯ ಹಿಂಸೆಗೋ ಅಂಜಿ, ಮಗುವನ್ನು ಕಂಕುಳಿಗೇರಿಸಿಕೊಂಡು, ಸರಿಹೊತ್ತಿನಲ್ಲಿ ಹೊರಬಿದ್ದ ಹೆಣ್ಣಿಗೆ ನೆಲೆ ಕೊಡತಕ್ಕ ಮನೆ ಅದು. ಆ ಮನೆಗೆ ಫಲಕ ಹಾಕಿದರೆ ಅವಳನ್ನು ಹುಡುಕಿಕೊಂಡು ಬರುವವನಿಗೆ ದಾರಿ ತೋರಿದಂತಾಗುವುದು. ಅಲ್ಲಿ ಸಮಾರಂಭ ನಡೆಸಿ ಛಾಯಾಚಿತ್ರ ತೆಗೆಸಿದರೆ ಆಶ್ರಯ ಪಡೆದವಳ ಮುಖವೇ ಮರುದಿನ ಊರಿಗೆಲ್ಲ ತಿಳಿಯುವುದು. ಸ್ತ್ರೀಯರ ಮೇಲಿನ ದೌರ್ಜನ್ಯದ ವಿಷಯದಲ್ಲಿ ನಮ್ಮ ನಾಯಕರ ಉತ್ಸಾಹವು ಮಾರ್ಚ್ ಎಂಟರ ವೇದಿಕೆಯ ಮೇಲೆ ಉಜ್ಜ್ವಲವಾಗಿ ಬೆಳಗಿ ಒಂಬತ್ತರ ಬೆಳಗಿನ ಹೊತ್ತಿಗೆ ಮಂಕಾಗುವುದಕ್ಕೆ ಅವರ ಹೃದಯದ ಕಾಠಿಣ್ಯಕ್ಕಿಂತ ಈ ಕಾರ್ಯದ ಅದೃಶ್ಯತೆಯೇ ಹೆಚ್ಚು ಕಾರಣವೆಂದು ನನಗೆ ತೋರುತ್ತದೆ.

ದಕ್ಷಿಣ ಬೆಂಗಳೂರಿಗೆ ಈ ವಿಷಯದಲ್ಲಿ ಹೊರಗಿನವರ ಉಪದೇಶದ ಅಗತ್ಯವಿಲ್ಲ. ಅದರ ಪೂರ್ವಚರಿತ್ರೆಯೇ ಸಾಕಷ್ಟು ಸಂಪನ್ನವಾದುದು. 1898ರ ಪ್ಲೇಗಿನ ತರುವಾಯ ಹಳೆಯ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನರಿಗಾಗಿ ರೂಪುಗೊಂಡ ಬಸವನಗುಡಿಯಲ್ಲಿ, ಬೀದಿಗಳಿನ್ನೂ ಪೂರ್ತಿಯಾಗಿ ಮನೆಗಳಿಂದ ತುಂಬುವ ಮೊದಲೇ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಬಲಾಶ್ರಮವು ತಲೆಯೆತ್ತಿತು. ತಲೆ ಬೋಳಿಸಿ ಮೂಲೆಯಲ್ಲಿ ಕೂಡಿಸಿದ ಬಾಲವಿಧವೆಯರಿಗೆ ಅನ್ನವನ್ನೂ ಅಕ್ಷರವನ್ನೂ ಕೊಡುವುದೇ ಅಧರ್ಮವೆಂದು ಬಗೆಯುವವರು ನಾಲ್ಕು ಹೆಜ್ಜೆಗೊಬ್ಬರಂತೆ ವಾಸವಾಗಿದ್ದ ಕಾಲದಲ್ಲಿ, ಅವರ ನಡುವೆಯೇ, ಅವರಿಗೆ ಕಾಣುವಂತೆಯೇ ಅದು ನಿಂತಿತು. 1913ರಲ್ಲಿ ಪಾರ್ವತಮ್ಮ ಚಂದ್ರಶೇಖರ ಅಯ್ಯರ್ ಅವರು ಮಹಿಳಾ ಸೇವಾ ಸಮಾಜವನ್ನು ಸ್ಥಾಪಿಸಿದರು. ಸ್ವತಃ ಬಾಲವಿಧವೆಯಾಗಿದ್ದ ಆರ್. ಕಲ್ಯಾಣಮ್ಮನವರು ಅದೇ ಕಾಲದಲ್ಲಿ ಶಾರದಾ ಸ್ತ್ರೀ ಸಮಾಜವನ್ನು ಕಟ್ಟಿ, ಮುಂದೆ ‘ಸರಸ್ವತಿ’ ಮಾಸಪತ್ರಿಕೆಯನ್ನು ದಶಕಗಳ ಕಾಲ ನಡೆಸಿ, ಚಾಮರಾಜಪೇಟೆಯ ಮಕ್ಕಳ ಕೂಟಕ್ಕೂ ತಾಯಿಯಾದರು. ಇವರೆಲ್ಲರಿಗಿಂತ ಒಂದು ತಲೆಮಾರು ಹಿಂದೆ, ಕಾರ್ಕಳ ಸೀಮೆಯ ಮಾಳದ ಮೂಲದವರಾದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳಾಗಿ 1858ರಲ್ಲಿ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದಿದ್ದರು. ಸಹ್ಯಾದ್ರಿಯ ಈ ಮಗಳನ್ನು ನಾವು ಮರಾಠಿಗರ ಪಾಲಿಗೆ ಬಿಟ್ಟುಕೊಟ್ಟು ಸುಮ್ಮನಾಗಿರುವುದು ನಮ್ಮ ಔದಾರ್ಯವೋ ಆಲಸ್ಯವೋ ಹೇಳುವುದು ಕಷ್ಟ.

ಪಾರ್ವತಮ್ಮನವರ ಪ್ರಸಂಗದಲ್ಲಿ ಕೊಂಚ ನಿಲ್ಲಬೇಕಾಗಿದೆ. ಅವರ ಪತಿ ಕೆ.ಎಸ್. ಚಂದ್ರಶೇಖರ ಅಯ್ಯರ್ ಅವರು ಮೈಸೂರು ಸಂಸ್ಥಾನದ ಪ್ರಖ್ಯಾತ ನ್ಯಾಯಾಧೀಶರು; ಹಿಂದೂ ಧರ್ಮಶಾಸ್ತ್ರದಲ್ಲಿ ಸ್ತ್ರೀಯರ ಹಕ್ಕುಗಳನ್ನು ವಿಮರ್ಶಿಸುವುದಕ್ಕಾಗಿ ಸರಕಾರವು ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು. ಆ ಸಮಿತಿಯ ವರದಿಯ ಫಲವಾಗಿ 1933ರಲ್ಲಿ ಮೈಸೂರಿನಲ್ಲಿ ಜಾರಿಗೆ ಬಂದ ಕಾನೂನು, ಅವಿಭಕ್ತ ಕುಟುಂಬದ ಆಸ್ತಿಯನ್ನು ವಿಭಾಗಿಸುವಾಗ ತಾಯಿಗೂ ವಿಧವೆಗೂ ಅವಿವಾಹಿತ ಪುತ್ರಿಗೂ ಪಾಲನ್ನು ಕೊಟ್ಟಿತು. ಬ್ರಿಟಿಷ್ ಭಾರತವು ವಿಧವೆಯರ ವಿಷಯವಾಗಿ ಅಷ್ಟಿಷ್ಟು ಮಾಡಿದ್ದು ಅದಾದ ನಾಲ್ಕು ವರ್ಷಕ್ಕೆ. ಹೀಗೆ ಒಂದೇ ಮನೆಯಲ್ಲಿ ಹೆಂಡತಿಯು ಹೆಣ್ಣುಮಕ್ಕಳು ಬಂದು ಸೇರತಕ್ಕ ಸ್ಥಳವನ್ನು ಕಟ್ಟುತ್ತಿದ್ದಾಗ, ಗಂಡನು ಅವರು ತಮ್ಮ ಮನೆಯನ್ನೇ ಬಿಟ್ಟುಬರಬೇಕಾಗದಂಥ ಶಾಸನಕ್ಕೆ ಪೀಠಿಕೆ ಬರೆಯುತ್ತಿದ್ದನು. ಈ ಎರಡು ಕಾರ್ಯಗಳೂ ಪರಸ್ಪರ ಪೂರಕವೆಂಬುದನ್ನೂ, ಎರಡನೆಯದು ದುರ್ಬಲವಾದಷ್ಟೂ ಮೊದಲನೆಯದರ ಬಾಗಿಲಲ್ಲಿ ನೂಕುನುಗ್ಗಲು ಹೆಚ್ಚುವುದೆಂಬುದನ್ನೂ ನಮ್ಮ ಈಚಿನ ನಾಯಕರು ಮರೆತಿರುವರು.

ಅಂದಿನ ಆಶ್ರಮಕ್ಕೂ ಇಂದಿನ ಆಶ್ರಯಧಾಮಕ್ಕೂ ಒಂದು ಮೂಲಭೂತವಾದ ಅಂತರವುಂಟು. ಅಬಲಾಶ್ರಮದ ವಿಧವೆಯನ್ನು ಯಾರೂ ಬೆನ್ನಟ್ಟಿ ಬರುತ್ತಿರಲಿಲ್ಲ. ಅವಳು ಹೊರಟುಹೋದುದರಿಂದ ಭಾರ ಇಳಿಯಿತೆಂದು ನೆಂಟರು ನಿಟ್ಟುಸಿರು ಬಿಡುತ್ತಿದ್ದಿರಬಹುದು. ಆದುದರಿಂದ ಆ ಸಂಸ್ಥೆಗೆ ಹೆಸರಿನ ಹಲಗೆ ಸಲ್ಲುತ್ತಿತ್ತು, ವಾರ್ಷಿಕೋತ್ಸವ ಸಲ್ಲುತ್ತಿತ್ತು, ದಾನಿಗಳ ಭಾವಚಿತ್ರವೂ ಸಲ್ಲುತ್ತಿತ್ತು. ಇಂದು ಮನೆ ಬಿಟ್ಟು ಬರುವವಳ ಸ್ಥಿತಿ ಬೇರೆ. ಅವಳು ಬೇಡವಾದವಳಲ್ಲ, ಅವಳನ್ನು ತನ್ನ ಸ್ವತ್ತೆಂದು ಭಾವಿಸಿದವನೊಬ್ಬನು ಅವಳ ಮೊಬೈಲಿನ ಜಾಡನ್ನು ಹಿಡಿದು, ಮಗುವಿನ ಶಾಲೆಯ ಗೇಟಿನಲ್ಲಿ ಕಾದುನಿಂತು, ಅವಳ ಗೆಳತಿಯರನ್ನು ಪೀಡಿಸಿ ಹುಡುಕಿಯೇ ಹುಡುಕುವನು. ಮನೆ ಬಿಟ್ಟ ಮೊದಲ ಕೆಲವು ವಾರಗಳೇ ಅತ್ಯಂತ ಅಪಾಯದವೆಂಬುದು ಈ ಕ್ಷೇತ್ರದಲ್ಲಿ ದುಡಿಯುವವರೆಲ್ಲರ ಅನುಭವ. 1974ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಆರಂಭವಾದ ಆಶ್ರಯಮನೆಯು ಈ ಕಾರಣದಿಂದಲೇ ತನ್ನ ವಿಳಾಸವನ್ನು ಗೋಪ್ಯವಾಗಿಟ್ಟಿತು. ಗೋಪ್ಯತೆಗೂ ಒಂದು ಬೆಲೆಯಿದೆಯೆನ್ನಿ: ಅಪರಾಧ ಮಾಡಿದವನು ಊರಿನಲ್ಲಿ ರಾಜಾರೋಷವಾಗಿ ತಿರುಗುತ್ತಿರುವಾಗ ಅಪರಾಧಕ್ಕೆ ಗುರಿಯಾದವಳು ಅಡಗಿ ಕುಳಿತಿರಬೇಕಾಗುತ್ತದೆ. ಈ ವಿರೋಧಾಭಾಸವನ್ನು ಮನಗಂಡೇ ಅದೇ ನೆದರ್ಲೆಂಡ್ಸಿನವರು ಈಚೆಗೆ ವಿಳಾಸ ಎಲ್ಲರಿಗೂ ತಿಳಿದಿರುವ, ಆದರೆ ಕಾವಲು ಭದ್ರವಾಗಿರುವ ಮನೆಗಳನ್ನೂ ಪ್ರಯೋಗಿಸಿದ್ದಾರೆ. ಅವು ಒಳ್ಳೆಯವೇ, ಆದರೆ ಕರೆದ ಐದು ನಿಮಿಷಕ್ಕೆ ಪೊಲೀಸರು ಬಂದಾರೆಂಬ ಭರವಸೆಯುಳ್ಳ ಊರಿಗೆ ಮಾತ್ರ ಅವು ಒಪ್ಪುತ್ತವೆ.

ಫಲಕವಿಲ್ಲದ ನಾಯಕತ್ವ ಹೇಗಿರುತ್ತದೆಂಬುದಕ್ಕೆ ಈ ನಗರದಲ್ಲಿಯೇ ನಿದರ್ಶನ ಸಿಗುತ್ತದೆ. 1979ರಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯ ಸ್ತ್ರೀಯರು, ಡೋನಾ ಫರ್ನಾಂಡಿಸ್ ಮೊದಲಾದವರು, ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ವರ್ಷಗಟ್ಟಲೆ ಮಂಚದಿಂದ ಮಂಚಕ್ಕೆ ನಡೆದರು. ತೊಂಬತ್ತರ ದಶಕದಲ್ಲಿ ಆ ವಾರ್ಡಿಗೆ ಬರುತ್ತಿದ್ದ ಎಳೆಯ ಗೃಹಿಣಿಯರ ಕಾಗದಗಳಲ್ಲಿ ಕಾರಣವು ಮತ್ತೆ ಮತ್ತೆ ಒಂದೇ ತೆರನಾಗಿ ಬರೆಯಲ್ಪಡುತ್ತಿತ್ತು: ಅಡುಗೆ ಮಾಡುವಾಗ ಸ್ಟೌ ಸಿಡಿಯಿತು. ಅತ್ತೆಯಂದಿರ ಮುಂದೆಯೂ ಮಾವಂದಿರ ಮುಂದೆಯೂ ಸಿಡಿಯದ ಸ್ಟೌ ಹೊಸ ಸೊಸೆಯ ಮುಂದೆಯೇ ಏಕೆ ಸಿಡಿಯುವುದೆಂಬ ಸಂಶಯವನ್ನು ದಾಖಲೆಗಳ ಮೂಲಕ ಸರಕಾರದ ಮುಂದಿಟ್ಟು, ‘ಅಸಹಜ ಸಾವು’ ಎಂಬ ಶೀರ್ಷಿಕೆಯಡಿ ಮುಚ್ಚಿಹೋಗುತ್ತಿದ್ದ ಕಡತಗಳನ್ನು ಮತ್ತೆ ತೆರೆದು ನೋಡುವಂತೆ ಅವರು ಮಾಡಿದರು. ಸಾಯುತ್ತಿರುವವಳ ಹೇಳಿಕೆಯನ್ನು ಯಾರು, ಯಾವಾಗ, ಯಾರ ಸಮ್ಮುಖದಲ್ಲಿ ಬರೆದುಕೊಳ್ಳಬೇಕು, ಗಂಡನು ಮಂಚದ ಪಕ್ಕದಲ್ಲಿಯೇ ನಿಂತಿರುವಾಗ ಅವಳ ಬಾಯಿಂದ ಬಂದ ಮಾತಿಗೆ ಎಷ್ಟು ಬೆಲೆ: ಇಂಥ ನೀರಸವಾದ, ಚಪ್ಪಾಳೆಗೆ ದೂರವಾದ ಪ್ರಶ್ನೆಗಳನ್ನು ಕೈಬಿಡದೆ ಹಿಡಿದುಕೊಂಡು ನಡೆದದ್ದೇ ಅವರ ಸೇವೆ. ಆ ವಾರ್ಡಿನ ಗೋಡೆಯ ಮೇಲೆ ಅವರ ಹೆಸರು ಎಲ್ಲಿಯೂ ಬೇಕಾಗಿರಲಿಲ್ಲ.

ಇಷ್ಟೆಲ್ಲ ನಡೆದೂ ಪರಿಸ್ಥಿತಿ ಸುಧಾರಿಸಿತೇ ಎಂದರೆ ಅಂಕೆಗಳು ಸಮಾಧಾನ ಕೊಡಲೊಲ್ಲವು. ನಾಲ್ಕನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 18ರಿಂದ 49 ವಯಸ್ಸಿನ ವಿವಾಹಿತೆಯರ ಪೈಕಿ ಗಂಡನಿಂದ ಹಿಂಸೆಯನ್ನು ಅನುಭವಿಸಿದ್ದೇವೆಂದು ಕರ್ನಾಟಕದಲ್ಲಿ ಹೇಳಿದವರು ಶೇಕಡಾ 20.6, ಐದನೆಯ ಸಮೀಕ್ಷೆಯಲ್ಲಿ ಅದು 44.4ಕ್ಕೆ ಏರಿತು. ಇಡೀ ದೇಶದ ಪ್ರಮಾಣವು ಸುಮಾರು 29 ಮಾತ್ರ ಇದ್ದಾಗ ನಮ್ಮ ರಾಜ್ಯವು ಈ ಅವಮಾನಕರವಾದ ಪಟ್ಟಿಯ ತುದಿಯಲ್ಲಿ ನಿಂತಿತು. ಕೊರೋನಾದ ದಿಗ್ಬಂಧನವನ್ನು ಇದಕ್ಕೆ ಕಾರಣವಾಗಿ ತೋರಿಸುವುದಕ್ಕೂ ಆಗದು. ಏತಕ್ಕೆಂದರೆ ಕರ್ನಾಟಕದಲ್ಲಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿದ್ದು 2019ರಲ್ಲಿ, ಆ ವ್ಯಾಧಿಯ ಹೆಸರನ್ನು ಯಾರೂ ಕೇಳುವುದಕ್ಕೆ ಮುಂಚೆ. ಹಿಂಸೆ ಇಮ್ಮಡಿಯಾಯಿತೋ, ಅಥವಾ ಬಾಯಿಬಿಟ್ಟು ಹೇಳುವ ಧೈರ್ಯ ಇಮ್ಮಡಿಯಾಯಿತೋ ಎಂದು ಪಂಡಿತರು ಚರ್ಚಿಸಬಹುದು. ಎರಡನೆಯದೇ ನಿಜವೆಂದಿಟ್ಟುಕೊಂಡರೂ, ಹೇಳಿದವಳಿಗೆ ಹೋಗಲು ಸ್ಥಳವಿರಬೇಕಲ್ಲವೆ?

ಈಗಿನ ವ್ಯವಸ್ಥೆಯಲ್ಲಿ ಅವಳು ಎಲ್ಲಿಗೆ ಹೋಗುವಳು? ಮೊದಲು ತವರಿಗೆ. ಅಲ್ಲಿ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂಬ ಗಾದೆ ಅವಳಿಗಿಂತ ಮೊದಲೇ ಬಂದು ಕುಳಿತಿರುತ್ತದೆ. ಅನಂತರ ಠಾಣೆಗೆ. ‘ಗಂಡಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಇನ್ನೊಂದು ಗಾದೆಯನ್ನು ಸಮವಸ್ತ್ರ ತೊಟ್ಟವರ ಬಾಯಿಂದ ಕೇಳಿ, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ’ ಎಂಬ ಬುದ್ಧಿವಾದವನ್ನು ಸ್ವೀಕರಿಸಿ, ಗಂಡನನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಂಡ ಮೇಲೆ ಅವನ ಸಂಗಡವೇ ಮನೆಗೆ ಹಿಂದಿರುಗುವವರ ಸಂಖ್ಯೆ ಯಾವ ಸಮೀಕ್ಷೆಗೂ ಸಿಗತಕ್ಕದ್ದಲ್ಲ. ಬಸವನಗುಡಿಯ ಮಹಿಳಾ ಠಾಣೆ ಬಹುಕಾಲ ಹಲಸೂರು ಗೇಟಿನ ಠಾಣೆಯೊಂದಿಗೆ ಇಡೀ ನಗರದ ಹೆಂಗಸರ ಅಳಲನ್ನು ಹಂಚಿಕೊಂಡು ಹೊರಬೇಕಾಗಿತ್ತು. 181 ಸಂಖ್ಯೆಯ ಸಹಾಯವಾಣಿಯಿದೆ. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಸಾಂತ್ವನ ಕೇಂದ್ರಗಳಿವೆ. 2015ರಿಂದ ಸಖಿ ಕೇಂದ್ರಗಳೂ ಬಂದಿವೆ. ಸಖಿಯಲ್ಲಿ ತಂಗಲು ಐದು ದಿನದ ಅವಕಾಶ. ಆಮೇಲೆ, ಹಿಂದೆ ಸ್ವಾಧಾರವೆಂದೂ 2022ರಿಂದೀಚೆಗೆ ಶಕ್ತಿ ಸದನವೆಂದೂ ಕರೆಯಲ್ಪಡುವ ಮನೆಗೆ ಕಳುಹಿಸಬೇಕು. ಹೆಸರುಗಳು ಬದಲಾಗುವ ವೇಗದಲ್ಲಿ ಅಡುಗೆಯವಳ ಸಂಬಳ ಬಿಡುಗಡೆಯಾಗಿದ್ದರೆ ನಾನು ಈ ಲೇಖನವನ್ನು ಬರೆಯಬೇಕಾಗಿರಲಿಲ್ಲ. ತಾಯಿಯೊಂದಿಗೆ ಬರುವ ಗಂಡುಮಗುವಿಗೆ ಈ ಮನೆಗಳಲ್ಲಿ ವಯಸ್ಸಿನ ಮಿತಿಯೊಂದುಂಟು. ಸ್ವಾಧಾರದ ಕಾಲದಲ್ಲಿ ಅದು ಎಂಟು ವರ್ಷವಾಗಿತ್ತು. ಮಿತಿ ಎಂಟಾಗಲಿ ಹನ್ನೆರಡಾಗಲಿ, ಅದನ್ನು ದಾಟಿದ ಮಗನಿರುವ ತಾಯಿಯು ಮಗನನ್ನು ಅಗಲಿ ಬೇರೆ ಕಡೆಗೆ ಕಳುಹಿಸಬೇಕು, ಇಲ್ಲವೆ ಅವನೊಂದಿಗೆ ಹೊಡೆಯುವ ಗಂಡನ ಬಳಿಗೇ ಹಿಂದಿರುಗಬೇಕು. ನಿಯಮವನ್ನು ಬರೆದವರು ಕ್ರೂರಿಗಳಲ್ಲ; ಅವರ ಕಲ್ಪನೆಯಲ್ಲಿ ಆಶ್ರಯಧಾಮವು ಇನ್ನೂ ಸಂತಾನವಿಲ್ಲದ ಬಾಲವಿಧವೆಯರ ಆಶ್ರಮವಾಗಿಯೇ ಉಳಿದಿದೆ, ಅಷ್ಟೆ.

ಸರಕಾರಿ ಮಹಿಳಾ ನಿಲಯಗಳಲ್ಲಿ ಆಗಾಗ ನಡೆಯುವ ವಿವಾಹಗಳೂ ಇದೇ ಕಲ್ಪನೆಯ ಫಲ. ಜಿಲ್ಲಾಧಿಕಾರಿಗಳು ತಂದೆಯ ಸ್ಥಾನದಲ್ಲಿ ನಿಂತು ಕನ್ಯಾದಾನ ಮಾಡುವ, ಮಂತ್ರಿಗಳು ಅಕ್ಷತೆ ಹಾಕುವ ಆ ದೃಶ್ಯಗಳು ಪತ್ರಿಕೆಗಳಲ್ಲಿ ಸೊಗಸಾಗಿ ಕಾಣುತ್ತವೆ; ಅವುಗಳಲ್ಲಿ ಅನೇಕ ಮದುವೆಗಳು ನಿಜವಾಗಿಯೂ ಸುಖಕರವಾಗಿರಬಹುದು, ಇರಲಿ. ಆದರೆ ನಿಲಯವೊಂದರ ಕೆಲಸದಲ್ಲಿ ಛಾಯಾಚಿತ್ರಕ್ಕೆ ಒದಗುವ ಭಾಗ ಇದೊಂದೇ ಆದುದರಿಂದ, ನಾಯಕರಿಗೂ ಅಧಿಕಾರಿಗಳಿಗೂ ಇದೇ ಅದರ ಸಾಫಲ್ಯವೆಂದು ತೋರಿಬಿಡುತ್ತದೆ. ದಾಂಪತ್ಯದಿಂದ ಪೆಟ್ಟು ತಿಂದು ಬಂದವಳು ಗಾರ್ಮೆಂಟ್ಸಿನಲ್ಲೋ ಬಿಟಿಎಂ ಬಡಾವಣೆಯ ಪಿಜಿಯೊಂದರ ಅಡುಗೆಮನೆಯಲ್ಲೋ ಕೆಲಸ ಹಿಡಿದು, ಬೊಮ್ಮನಹಳ್ಳಿಯ ಕಡೆ ಒಂದು ಕೋಣೆಯನ್ನು ಬಾಡಿಗೆಗೆ ಪಡೆದು, ಮುಂಗಡದ ಹಣವನ್ನು ತಾನೇ ಕೂಡಿಸಿಕೊಟ್ಟ ದಿನಕ್ಕೆ ಅಕ್ಷತೆ ಹಾಕುವವರಿಲ್ಲ.

ಹೋಗುವ ದಾರಿಯ ಖರ್ಚಿನ ವಿಷಯದಲ್ಲಿ ಮಾತ್ರ, ಬಹುಶಃ ಉದ್ದೇಶಿಸದೆಯೇ, ಸರಕಾರವು ಒಂದು ದೊಡ್ಡ ಉಪಕಾರ ಮಾಡಿದೆ. 2023ರ ಜೂನ್ 11ರಿಂದ ಜಾರಿಗೆ ಬಂದ, ಹೆಂಗಸರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯಿಂದಾಗಿ, ಕೈಯಲ್ಲಿ ಬಿಡಿಗಾಸಿಲ್ಲದವಳೂ ಬನಶಂಕರಿ ನಿಲ್ದಾಣದಲ್ಲಿ ಬಸ್ಸು ಹತ್ತಿ ರಾಜ್ಯದ ಒಂದು ಮೂಲೆಯಿಂದ ಇನ್ನೊಂದು ಮೂಲೆಯ ತನಕ ಹೋಗಬಲ್ಲಳು. ‘ಹೆಂಗಸರು ಸುಮ್ಮನೆ ತಿರುಗುತ್ತಾರೆ’ ಎಂದು ಮೂಗು ಮುರಿಯುವ ಮಹನೀಯರು, ಹಾಗೆ ತಿರುಗುವವರಲ್ಲಿ ಪ್ರಾಣ ಉಳಿಸಿಕೊಳ್ಳಲು ಹೊರಟವಳೂ ಒಬ್ಬಳಿದ್ದಾಳೆಂಬುದನ್ನು ಒಂದು ಕ್ಷಣ ಚಿಂತಿಸಬೇಕು. ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರ ರೂಪಾಯಿಯ ಕಥೆ ಹಾಗಲ್ಲ: ಅದು ಪಡಿತರ ಚೀಟಿಯ ಯಜಮಾನಿಗೆ ಸಲ್ಲುವುದು, ಯಜಮಾನಿಯು ಅತ್ತೆಯಾಗಿದ್ದರೆ, ಮನೆ ಬಿಟ್ಟ ಸೊಸೆಗೆ ಆ ಹಣವೂ ಇಲ್ಲ, ಬೇರೆ ಚೀಟಿ ಮಾಡಿಸಿಕೊಳ್ಳಲು ಬೇಕಾದ ವಿಳಾಸವೂ ಇಲ್ಲ. ಆಶ್ರಯಧಾಮದ ಪ್ರಮಾಣಪತ್ರವನ್ನೇ ವಿಳಾಸವೆಂದು ಪರಿಗಣಿಸಿ ಆ ಮೊತ್ತವನ್ನು ಅವಳ ಖಾತೆಗೆ ತಿರುಗಿಸುವ ಒಂದು ಆದೇಶಕ್ಕೆ ಹೊಸ ಕಟ್ಟಡವಾಗಲಿ ಹೊಸ ಯೋಜನೆಯಾಗಲಿ ಬೇಕಿಲ್ಲ. ಒಂದು ರುಜು ಸಾಕು.

ಈಗ ಕಾನೂನಿನ ಮಾತಿಗೆ ಬರೋಣ. ಹೆಣ್ಣು ಮನೆ ಬಿಡಬೇಕಾಗದಂತೆ ಮಾಡುವ, ಚಂದ್ರಶೇಖರ ಅಯ್ಯರ್ ಅವರ ಪಾಲಿನ ಕಾರ್ಯವು ಇಲ್ಲಿಯೇ ಬರತಕ್ಕದ್ದು. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯದ ಕಾಯಿದೆಯು ಸ್ತ್ರೀಗೆ ತಾನು ಬಾಳಿದ ಮನೆಯಲ್ಲಿಯೇ ವಾಸಿಸುವ ಹಕ್ಕನ್ನು ಕೊಡುತ್ತದೆ. ಅಗತ್ಯ ಬಿದ್ದರೆ ಗಂಡನೇ ಮನೆ ಬಿಟ್ಟು ಹೊರಗಿರಬೇಕೆಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಅರ್ಜಿಯನ್ನು ಮೊದಲ ವಿಚಾರಣೆಯಿಂದ ಅರವತ್ತು ದಿನದೊಳಗೆ ಮುಗಿಸಲು ಯತ್ನಿಸತಕ್ಕದ್ದೆಂದೂ ಅದು ಹೇಳುತ್ತದೆ. ಆದರೆ ಕಾಯಿದೆ ಜಾರಿಗೆ ಬಂದು ಎರಡು ತಿಂಗಳು ಕಳೆಯುವಷ್ಟರಲ್ಲಿಯೇ, ಬತ್ರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅತ್ತೆಯ ಹೆಸರಿನಲ್ಲಿರುವ ಮನೆಯಲ್ಲಿ ಸೊಸೆಗೆ ಈ ಹಕ್ಕು ಇಲ್ಲವೆಂದಿತು. ಜಯನಗರದಂಥ ಬಡಾವಣೆಗೆ ಇದರ ಅರ್ಥವೇನೆಂದು ಹೇಳಬೇಕಾಗಿಲ್ಲ: 1948ರಲ್ಲಿ ರಾಜಾಜಿಯವರು ಶಿಲಾನ್ಯಾಸ ಮಾಡಿದ ಈ ಪ್ರದೇಶದಲ್ಲಿ, ನಗರಾಭಿವೃದ್ಧಿ ಮಂಡಲಿಯಿಂದ ಮಾವನವರಿಗೋ ಅಜ್ಜನವರಿಗೋ ಮಂಜೂರಾದ ನಿವೇಶನಗಳ ಮೇಲೆಯೇ ಎಷ್ಟೋ ಮನೆಗಳು ನಿಂತಿವೆ. 2020ರ ಅಕ್ಟೋಬರಿನಲ್ಲಿ ಅಹುಜಾ ಪ್ರಕರಣದಲ್ಲಿ ಆ ತೀರ್ಪು ತಪ್ಪೆಂದು ಅದೇ ನ್ಯಾಯಾಲಯವು ಹೇಳುವ ತನಕ, ಹದಿನಾಲ್ಕು ವರ್ಷ, ಹೊರಹೋಗಬೇಕಾದವಳು ಅವಳೇ ಆಗಿದ್ದಳು.

ಈ ಕಾಯಿದೆಯನ್ನು ಮನೆಯ ಹೊಸ್ತಿಲಿನ ತನಕ ಕೊಂಡೊಯ್ಯಬೇಕಾದವರು ಸಂರಕ್ಷಣಾಧಿಕಾರಿಗಳು. ಕರ್ನಾಟಕದಲ್ಲಿ ಈ ಹೊಣೆಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಮೇಲೆ ಹೆಚ್ಚುವರಿಯಾಗಿ ಹೇರಲಾಗಿದೆ. ಅಂಗನವಾಡಿಯ ಮೊಟ್ಟೆಯ ಲೆಕ್ಕ, ಪೌಷ್ಟಿಕ ಆಹಾರದ ದಾಸ್ತಾನು, ಮೇಲಿನವರ ಸಭೆ, ಇವುಗಳ ನಡುವೆ ಬಿಡುವಾದಾಗ ಹೊಡೆತ ತಿಂದವಳ ವರದಿ ಬರೆಯಬೇಕು. ಆ ವರದಿಯಿಲ್ಲದೆ ಅವಳ ಪ್ರಕರಣ ನ್ಯಾಯಾಲಯದಲ್ಲಿ ಕುಂಟುತ್ತದೆ. 2025ರ ಮೇ ತಿಂಗಳಲ್ಲಿ, ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠವು, ಸಂರಕ್ಷಣಾಧಿಕಾರಿಗಳನ್ನು ಗುರುತಿಸಿಲ್ಲದ ಕಡೆಗಳಲ್ಲಿ ಆರು ವಾರದೊಳಗೆ ಗುರುತಿಸಬೇಕೆಂದು ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ಕಾಯಿದೆ ಜಾರಿಗೆ ಬಂದ ಹತ್ತೊಂಬತ್ತನೆಯ ವರ್ಷದಲ್ಲಿ ಇಂಥದೊಂದು ನಿರ್ದೇಶನ ಬೇಕಾಯಿತೆಂಬುದು ಯಾವ ಪಕ್ಷಕ್ಕೂ ಕೀರ್ತಿಕರವಲ್ಲ. ನಮ್ಮ ರಾಜ್ಯವು ಅಧಿಕಾರಿಗಳನ್ನು ಗುರುತಿಸಿದೆಯೆಂದು ಹೇಳಿಕೊಳ್ಳಬಹುದು; ಗುರುತಿಸಿದವರಿಗೆ ಆ ಕೆಲಸಕ್ಕೆ ಪುರುಸೊತ್ತು ಕೊಟ್ಟಿದೆಯೇ ಎಂದು ಶಾಸನಸಭೆಯಲ್ಲಿ ಕೇಳತಕ್ಕವರು ಬೇಕಾಗಿದ್ದಾರೆ.

ನಾಯಕರ ಮಾತಿಗೂ ಬೆಲೆಯಿಲ್ಲದೆ ಇಲ್ಲ. 2025ರ ಏಪ್ರಿಲಿನಲ್ಲಿ ಬಿಟಿಎಂ ಬಡಾವಣೆಯ ಬೀದಿಯೊಂದರಲ್ಲಿ ನಡೆದುಹೋಗುತ್ತಿದ್ದ ಯುವತಿಯ ಮೈಮೇಲೆ ಒಬ್ಬನು ಕೈಹಾಕಿದ ದೃಶ್ಯ ಸಿಸಿಟಿವಿಯಲ್ಲಿ ದಾಖಲಾಗಿ ನಾಡೆಲ್ಲ ನೋಡಿದಾಗ, ಇಷ್ಟು ದೊಡ್ಡ ನಗರದಲ್ಲಿ ಅಲ್ಲೊಂದು ಇಲ್ಲೊಂದು ಇಂಥದು ನಡೆಯುತ್ತದೆಂಬ ಅರ್ಥದ ಮಾತು ಗೃಹಮಂತ್ರಿ ಜಿ. ಪರಮೇಶ್ವರ ಅವರ ಬಾಯಿಂದ ಬಂತು. ಟೀಕೆಯೆದ್ದ ಮೇಲೆ ಅವರು ವಿಷಾದ ವ್ಯಕ್ತಪಡಿಸಿದರು. ಅವರೊಬ್ಬರನ್ನೇ ಇದಕ್ಕಾಗಿ ದೂರುವುದು ನ್ಯಾಯವಲ್ಲ. ಎಲ್ಲ ಪಕ್ಷಗಳ ಗೃಹಮಂತ್ರಿಗಳೂ ಇಂಥ ಸಂದರ್ಭಗಳಲ್ಲಿ ಇದೇ ಜಾಡಿನಲ್ಲಿ ನಡೆದಿರುವರು. ನಾಡಿನ ಗೃಹಮಂತ್ರಿಯೇ ಇದನ್ನು ನಗರದ ಸಹಜ ವ್ಯಾಪಾರವೆಂದು ಭಾವಿಸಿದರೆ ಠಾಣೆಯ ಮೇಜಿನ ಹಿಂದೆ ಕುಳಿತ ಹೆಡ್ ಕಾನ್‌ಸ್ಟೇಬಲ್ ಅದನ್ನು ದಾಂಪತ್ಯದ ಸಹಜ ವ್ಯಾಪಾರವೆಂದು ಭಾವಿಸದಿರಲು ಕಾರಣವೇನಿದೆ?

ಹತ್ತಿರದ ನಾಯಕರ ಮಾತೇ ಬೇರೆ. ಠಾಣೆಗೆ ಅವಳ ಜೊತೆಯಲ್ಲಿ ಹೋಗಿ ಕೂಡುವಷ್ಟು ಸಮೀಪದಲ್ಲಿರತಕ್ಕವರು ವಾರ್ಡಿನ ಸದಸ್ಯೆಯರು. ನಗರಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಟ್ಟ ರಾಜ್ಯ ನಮ್ಮದು. ಆದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ, ಪಾಲಿಕೆಯೇ ಐದಾಗಿ ಒಡೆದು 2025ರ ಸೆಪ್ಟೆಂಬರಿನಲ್ಲಿ ಹೊಸ ಪ್ರಾಧಿಕಾರ ಬರುವ ತನಕವೂ ಆ ಸ್ಥಾನಗಳಲ್ಲಿ ಒಬ್ಬಳೂ ಕುಳಿತಿರಲಿಲ್ಲ.

ನಾನು ಕೇಳುವುದು ದೊಡ್ಡದಲ್ಲ. ನಮ್ಮ ಬಡಾವಣೆಗಳಲ್ಲಿ ನಾಗರಿಕ ಸೌಕರ್ಯಕ್ಕಾಗಿ ಮೀಸಲಿಟ್ಟ ಸಿ.ಎ. ನಿವೇಶನಗಳು ಶಾಲೆ, ಕಲ್ಯಾಣಮಂಟಪ, ಆಸ್ಪತ್ರೆ, ಜಾತಿಸಂಘಗಳ ಹಾಸ್ಟೆಲುಗಳಿಗೆ ಹಂಚಿಹೋಗಿವೆ. ಉಳಿದವುಗಳಲ್ಲಿ ಜೆ.ಪಿ. ನಗರದಲ್ಲೋ ಬನಶಂಕರಿಯಲ್ಲೋ ಒಂದನ್ನು, ಪತ್ರಿಕಾ ಪ್ರಕಟಣೆಯಿಲ್ಲದೆ, ಇಂಥ ಮನೆಯೊಂದಕ್ಕೆ ಕೊಡಿಸಬೇಕು. ರಾತ್ರಿಯ ಪಾಳಿಗೆ ಇಬ್ಬರು ಮೇಲ್ವಿಚಾರಕಿಯರ ಸಂಬಳವನ್ನು ವರ್ಷದ ಆರಂಭದಲ್ಲಿಯೇ ಬಿಡುಗಡೆ ಮಾಡಿಸಬೇಕು. ಸುದ್ದಿ ಹೇಗಾದರೂ ನೆರೆಯವರಿಗೆ ತಿಳಿಯುವುದು. ನಿವಾಸಿಗಳ ಸಂಘವು ಸಭೆ ಸೇರುವುದು. ‘ಅಂಥವರು’ ಬಂದರೆ ಬೀದಿಯ ಮರ್ಯಾದೆ ಏನಾಗಬೇಕೆಂದು ಒಬ್ಬರೂ, ರಾತ್ರಿ ಗಂಡಂದಿರು ಬಂದು ಗಲಾಟೆ ಮಾಡಿದರೆ ಯಾರು ಹೊಣೆಯೆಂದು ಇನ್ನೊಬ್ಬರೂ, ನಿವೇಶನದ ಬೆಲೆ ಇಳಿಯುವುದೆಂದು ಬಾಯಿಬಿಟ್ಟು ಹೇಳದೆ ಮೂರನೆಯವರೂ ಆಕ್ಷೇಪಿಸುವರು. ಆ ಸಭೆಗೆ ಕ್ಷೇತ್ರದ ಶಾಸಕರು ಬರಬೇಕು. ಬಂದು, ಮುಂದಿನ ಚುನಾವಣೆಯಲ್ಲಿ ತಮಗೆ ಮತ ಕೊಡುವವರೇ ಆದ ಆ ಸಭ್ಯ ಗೃಹಸ್ಥರ ಎದುರಿನಲ್ಲಿ ಕುಳಿತು, ಮನೆ ಇಲ್ಲಿಯೇ ಆಗುವುದೆಂದೂ ಬೀಟಿನ ಪೊಲೀಸರು ರಾತ್ರಿ ಎರಡು ಬಾರಿ ಈ ಬೀದಿಗೆ ಬರುವ ಏರ್ಪಾಟನ್ನು ತಾವೇ ಮಾಡಿಸುವುದಾಗಿಯೂ ಹೇಳಿ, ಅವರ ಸಿಟ್ಟನ್ನು ಪೂರ್ತಿಯಾಗಿ ಕೇಳಿಸಿಕೊಂಡು ಎದ್ದುಹೋಗಬೇಕು.